ಒಬ್ಬರೇ ಗುಡ್ಡ ಹತ್ತಿ ವಿಡಿಯೋ ಮಾಡುವವರಿಗೆ ಯಾವ ಬ್ಯಾಗು, ಯಾವ ಸಾಮಾನು?

ಪ್ರಶ್ನೆ: ಚಾರಣಕ್ಕೆ ಒಬ್ಬನೇ ಹೋಗುತ್ತೇನೆ. ನಡೆಯುವುದನ್ನೂ ದಾರಿಯಲ್ಲಿ ಸಿಗುವ ಹಕ್ಕಿಗಳನ್ನೂ ನಾನೇ ವಿಡಿಯೋ ಮಾಡುತ್ತೇನೆ. ಎತ್ತಿನಭುಜ, ಮುಳ್ಳಯ್ಯನಗಿರಿ ಕಡೆ ಓಡಾಟ ಹೆಚ್ಚು. ಮಿರರ್‌ಲೆಸ್ ಕ್ಯಾಮೆರಾ ಇದೆ. 50 ಲೀಟರಿನ ಕ್ಯಾಮೆರಾ ಬ್ಯಾಗ್ ತೆಗೆದುಕೊಳ್ಳಲೇ? ಜೊತೆಗೆ ಇನ್ನೇನು ಬೇಕು? (ಮೂಡಿಗೆರೆಯ ಓದುಗರು)

ಉತ್ತರ: ಬ್ಯಾಗನ್ನು ಕೊನೆಗೆ ಕೊಳ್ಳಿ. ಮೊದಲು ಒಯ್ಯಬೇಕಾದ್ದನ್ನೆಲ್ಲ ಮಂಚದ ಮೇಲೆ ಹರಡಿ ಒಂದೊಂದನ್ನೇ ತೂಗಿ. ಒಂದು ದಿನದ ಚಾರಣಕ್ಕೆ ಲೆಕ್ಕ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಕ್ಯಾಮೆರಾ 500 ಗ್ರಾಂ, 70–300 ಲೆನ್ಸ್ 700, ಆ್ಯಕ್ಷನ್ ಕ್ಯಾಮೆರಾ 150, ಟ್ರೈಪಾಡ್ 1,300, ನಾಲ್ಕು ಬ್ಯಾಟರಿ 320, ಪವರ್ ಬ್ಯಾಂಕ್ 420, ಮೈಕ್ 150, ನೀರು ಎರಡು ಲೀಟರ್, ಬುತ್ತಿ 700, ರೇನ್‌ಕೋಟ್ 400, ಔಷಧಿ ಡಬ್ಬಿ 300, ಬ್ಯಾಗಿನದ್ದೇ ಒಂದೂವರೆ ಕಿಲೋ. ಎಲ್ಲ ಸೇರಿ ಸುಮಾರು ಎಂಟೂವರೆ ಕಿಲೋ. ಇಷ್ಟಕ್ಕೆ 30 ಲೀಟರಿನ ಬ್ಯಾಗ್ ಸಾಕು. 50 ಲೀಟರಿನದು ಬೆನ್ನ ಮೇಲಿದ್ದರೆ ಖಾಲಿ ಜಾಗ ಕಂಡಷ್ಟೂ ಸಾಮಾನು ತುಂಬುತ್ತೇವೆ. ರಾತ್ರಿ ಉಳಿಯುವುದಿದ್ದರೆ ಮಾತ್ರ ಆ ಅಳತೆಗೆ ಹೋಗಿ.

ಕ್ಯಾಮೆರಾ ಬ್ಯಾಗ್ ಎಂದೇ ಮಾರುವವುಗಳಲ್ಲಿ ಹಲವಕ್ಕೆ ಒಳಗೆ ದಪ್ಪ ಸ್ಪಂಜಿನ ಗೋಡೆಗಳಿರುತ್ತವೆ, ಸೊಂಟದ ಪಟ್ಟಿ ಮಾತ್ರ ರಿಬ್ಬನ್ನಿನಷ್ಟು ತೆಳು. ಏರುದಾರಿಯಲ್ಲಿ ಅದು ಭಾರ ಹೊರುವುದಿಲ್ಲ, ಎಲ್ಲವೂ ಹೆಗಲಿಗೇ ಬೀಳುತ್ತದೆ. ಚಾರಣದ ಬ್ಯಾಗನ್ನೇ ಕೊಂಡು, ಅದರೊಳಗೆ ಕ್ಯಾಮೆರಾಗೆ ಒಂದು ಪ್ಯಾಡೆಡ್ ಚೀಲ ಇಡುವುದು ನಮ್ಮ ಸಲಹೆ. ಅಂಗಡಿಯಲ್ಲಿ ನಿಮ್ಮ ಎತ್ತರ ಹೇಳಿ ಬ್ಯಾಗ್ ಆರಿಸಬೇಡಿ, ಬೆನ್ನಿನ ಉದ್ದ ಅಳೆಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಕೈಗೆ ಸಿಗುವ ಉಬ್ಬಿದ ಎಲುಬಿನಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಯಬೇಕು. ಬ್ಯಾಗಿಗೆ ಎಂಟು ಕಿಲೋ ತುಂಬಿಸಿ, ಸೊಂಟದ ಪಟ್ಟಿ ಬಿಗಿದು, ಹೆಗಲ ಪಟ್ಟಿ ಕೊಂಚ ಸಡಿಲಿಸಿ ನಿಲ್ಲಿ. ಆಗಲೂ ಬ್ಯಾಗ್ ಕೆಳಗೆ ಜಾರದಿದ್ದರೆ ಅದು ನಿಮಗೆ ಹೊಂದಿತು. ತುಂಬುವಾಗ ಭಾರದ್ದು ಬೆನ್ನಿಗೆ ಅಂಟಿಕೊಂಡು, ಹೆಗಲೆಲುಬುಗಳ ನಡುವಿನ ಮಟ್ಟದಲ್ಲಿರಲಿ. ಟ್ರೈಪಾಡನ್ನು ಹೊರಗೆ ಒಂದೇ ಪಕ್ಕಕ್ಕೆ ಕಟ್ಟಿದರೆ ಕಿರುದಾರಿಯಲ್ಲಿ ಮೈ ಅತ್ತಲೇ ವಾಲುತ್ತದೆ. ಇನ್ನೊಂದು ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು ಸರಿದೂಗಿಸಿ.

ಆದರೆ ಬ್ಯಾಗ್ ಎಷ್ಟೇ ಚೆನ್ನಾಗಿರಲಿ, ಕ್ಯಾಮೆರಾ ಅದರೊಳಗೆ ಇದ್ದರೆ ವಿಡಿಯೋ ಆಗುವುದಿಲ್ಲ. ಮಂಗಟ್ಟೆಯ ರೆಕ್ಕೆ ಸದ್ದು ಕಿವಿಗೆ ಬಿದ್ದ ಕೆಲವೇ ಸೆಕೆಂಡಿಗೆ ಅದು ತಲೆಯ ಮೇಲೆ ಹಾದುಹೋಗಿರುತ್ತದೆ. ಹೆಗಲ ಪಟ್ಟಿಗೆ ಸಿಗಿಸುವ ಲೋಹದ ಕ್ಲಿಪ್ ಹಾಕಿಸಿಕೊಳ್ಳಿ. ಕ್ಯಾಮೆರಾ ತಳದ ಪ್ಲೇಟ್ ಆರ್ಕಾ ಮಾದರಿಯದೇ (ಹಲವು ಟ್ರೈಪಾಡುಗಳಿಗೆ ಹೊಂದುವ ಅಳತೆ) ಇರಲಿ, ಸುಮಾರು 38 ಮಿ.ಮೀ. ಅಗಲದ್ದು. ಕ್ಲಿಪ್ಪಿಗೂ ಟ್ರೈಪಾಡಿಗೂ ಒಂದೇ ಪ್ಲೇಟ್ ಕೂರಬೇಕು. ಬೇರೆಬೇರೆಯಾದರೆ ಪ್ರತಿ ಸಲ ಸ್ಕ್ರೂ ಬಿಚ್ಚುವುದೇ ಕೆಲಸ, ಎರಡನೇ ಗಂಟೆಯ ಹೊತ್ತಿಗೆ ಟ್ರೈಪಾಡ್ ತೆಗೆಯುವ ಮನಸ್ಸೇ ಹೋಗಿರುತ್ತದೆ.

ನೀವೇ ನಡೆದು ಹೋಗುವ ದೃಶ್ಯಕ್ಕೆ ಕ್ಯಾಮೆರಾ ನಿಲ್ಲಿಸಿ, ನಡೆದು, ಮತ್ತೆ ವಾಪಸು ಬರಬೇಕು. ಅಂದರೆ ಆ ದಾರಿಗೆ ಮೂರು ಪಟ್ಟು ನಡಿಗೆ, ಒಂದಕ್ಕೆ ಹತ್ತು ನಿಮಿಷ. ಅಂಥವು ದಿನಕ್ಕೆ ಆರೇಳು ಸಾಕು. ಉಳಿದದ್ದನ್ನು ಎದೆಗೆ ಕಟ್ಟಿದ ಆ್ಯಕ್ಷನ್ ಕ್ಯಾಮೆರಾ ನೋಡಿಕೊಳ್ಳಲಿ. ತಲೆಗೆ ಕಟ್ಟಿದರೆ ನೀವು ಅತ್ತಿತ್ತ ನೋಡಿದಂತೆಲ್ಲ ದೃಶ್ಯವೂ ತಿರುಗುತ್ತದೆ. ನೀವು ಹಾದುಹೋಗುವ ಜಾಗದಲ್ಲಿ ಊರುಗೋಲು ನೆಟ್ಟು, ಅದರ ಮೇಲೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ, ಕೋಲು ಕಿತ್ತುಕೊಳ್ಳಿ. ಶುರುವಿಗೂ ಕೊನೆಗೂ ಹತ್ತತ್ತು ಸೆಕೆಂಡು ಹೆಚ್ಚಿಗೆ ಓಡಿಸಿ. ಒಬ್ಬರೇ ಮಾಡುವವರಿಗೆ ಹೆಚ್ಚಾಗಿ ಆಗುವ ಎಡವಟ್ಟು ಬಟನ್ ಎರಡು ಸಲ ಒತ್ತಿಹೋಗುವುದು. ನಡೆದದ್ದು ದಾಖಲಾಗಿರುವುದಿಲ್ಲ, ವಾಪಸು ಬಂದದ್ದು ಪೂರ್ತಿ ಇರುತ್ತದೆ. ಕೆಂಪು ಗುರುತು ಕಂಡ ಮೇಲೆಯೇ ಹೆಜ್ಜೆ ಇಡಿ.

ಬೋಳು ಹುಲ್ಲುಗುಡ್ಡದ ಮೇಲೆ ಬಿಸಿಲು ವಿಪರೀತ. ಸೆಕೆಂಡಿಗೆ 25 ಫ್ರೇಮಿಗೆ ಷಟರ್ ವೇಗ 1/50 ಸೆಕೆಂಡು ಇಟ್ಟರೆ, ಐಎಸ್‌ಒ 100ರಲ್ಲಿ (ಇದು ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಲೆನ್ಸಿನ ಕಿಂಡಿಯನ್ನು ಎಫ್/22ರ ತನಕ ಕಿರಿದಾಗಿಸಬೇಕಾಗುತ್ತದೆ, ಚಿತ್ರ ಮಬ್ಬಾಗುತ್ತದೆ. ಎನ್‌ಡಿ16 ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ, ಎಫ್/5.6ಕ್ಕೆ ಬರುತ್ತೀರಿ. ಮೈಕಿಗೆ ತುಪ್ಪಳದ ಹೊದಿಕೆ ಹಾಕದೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಮಾತಾಡಿದರೆ ಗಾಳಿಯ ಗೊರಗೊರ ಮಾತ್ರ ಉಳಿಯುತ್ತದೆ. ಮೆಮೊರಿ ಕಾರ್ಡ್ ವಿ30 ದರ್ಜೆಯದಿರಲಿ (ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವಂಥದ್ದು). 4ಕೆ 100 ಎಂಬಿಪಿಎಸ್‌ನಲ್ಲಿ ಗಂಟೆಗೆ 45 ಜಿಬಿ ಹೋಗುತ್ತದೆ, ಹಾಗಾಗಿ 128 ಜಿಬಿಯ ಎರಡು ಇರಲಿ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 74 ವ್ಯಾಟ್-ಅವರ್ ಇದ್ದರೂ ಸೋರಿಕೆ ಕಳೆದು ಮೂರು ದೊಡ್ಡ ಬ್ಯಾಟರಿ ತುಂಬಿದರೆ ಹೆಚ್ಚು.

ಇಯರ್‌ಫೋನ್ ಹಾಕಿಕೊಂಡು ನಡೆಯಬೇಡಿ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ತೋಟದ ದಾರಿಯಲ್ಲೇ ಆನೆಗಳಿರುತ್ತವೆ. ಬಿದಿರು ಮುರಿಯುವ ಸದ್ದು ಮೊದಲು ನಿಮ್ಮ ಕಿವಿಗೆ ಬೀಳಬೇಕು. ಅರಣ್ಯ ಇಲಾಖೆಯ ದಾರಿಗಳಿಗೆ ಮೊದಲೇ ಅನುಮತಿ ಪಡೆಯಿರಿ.

ಪ್ರಶ್ನೆ: ಅಜ್ಜನ ಕಾಲದಲ್ಲಿ ಮನೆಯವರು ಶಿಕಾರಿಗೆ ಹೋಗುತ್ತಿದ್ದರಂತೆ. ಈಗ ನಮ್ಮ ತೋಟಕ್ಕೆ ಬರುವ ಕಾಡುಹಂದಿಗಳನ್ನು ಹಲಸಿನಹಣ್ಣು ಇಟ್ಟು ಕರೆಸಿ ವಿಡಿಯೋ ಮಾಡಬಹುದೇ? (ಸಕಲೇಶಪುರದ ಓದುಗರು)

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಆಮಿಷ ಒಡ್ಡುವುದು, ಬೆನ್ನಟ್ಟುವುದು, ಅದಕ್ಕೆ ಯತ್ನಿಸುವುದೂ ಅದೇ ವ್ಯಾಖ್ಯೆಯೊಳಗೆ ಬರುತ್ತವೆ. ಹಂದಿಗಳು ತಾವಾಗಿ ಓಡಾಡುವ ಜಾಡಿಗೆ ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದರೆ ತಾನಾಗಿ ಚಿತ್ರ ತೆಗೆಯುವಂಥದ್ದು) ಕಟ್ಟಿ, ಮೊಣಕಾಲೆತ್ತರದಲ್ಲಿ, ಜಾಡಿಗೆ ಓರೆಯಾಗಿ. ಎದುರಿನ ಹುಲ್ಲು ಸವರಿಬಿಡಿ. ಬಿಸಿಲಲ್ಲಿ ಅಲ್ಲಾಡುವ ಎಲೆಗೂ ಸೆನ್ಸರ್ ಎಚ್ಚರಗೊಂಡು ಬ್ಯಾಟರಿ ಮುಗಿಸುತ್ತದೆ. ಇದೂ ನಿಮ್ಮ ಸ್ವಂತ ತೋಟದೊಳಗೆ ಮಾತ್ರ.

ಪ್ರಶ್ನೆ: ಮಳೆಗಾಲದಲ್ಲಿ ಬ್ಯಾಗಿಗೆ ಕವರ್ ಹಾಕಿದರೂ ಒಳಗೆ ನೀರು. ಲೆನ್ಸಿನಲ್ಲಿ ಬಿಳಿ ಎಳೆಗಳೂ ಕಾಣುತ್ತಿವೆ. (ಕೊಪ್ಪದ ಓದುಗರು)

ಉತ್ತರ: ಕವರ್ ಹೊರಮೈ ಮಾತ್ರ ಮುಚ್ಚುತ್ತದೆ. ನೀರು ಕತ್ತಿನಿಂದ ಇಳಿದು ಬೆನ್ನಿಗೆ ತಾಗುವ ಮೆತ್ತೆಯ ಮೂಲಕ ಒಳಗೆ ಇಳಿಯುತ್ತದೆ. ಗೊರಬಿನ ಹಾಗೆ ತಲೆ, ಬೆನ್ನು, ಬ್ಯಾಗು ಒಟ್ಟಿಗೆ ಮುಚ್ಚುವ ಪಾಂಚೋ ಮೇಲು. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಮಡಚಿ. ಗೊಬ್ಬರದ ಚೀಲದ ಒಳಪದರ ಬಳಸಬೇಡಿ. ಅಂಟಿದ ಉಪ್ಪಿನಂಶ ತೇವ ಎಳೆದು ಲೋಹವನ್ನು ತಿನ್ನುತ್ತದೆ.

ಬಿಳಿ ಎಳೆ ಶಿಲೀಂಧ್ರ. ಈಗಿರುವುದನ್ನು ದುರಸ್ತಿಗಾರರೇ ಲೆನ್ಸ್ ಬಿಚ್ಚಿ ತೆಗೆಯಬೇಕು. ಅಲ್ಲಿಯವರೆಗೆ ಅದನ್ನು ಬೇರೆ ಲೆನ್ಸುಗಳ ಜೊತೆ ಇಡಬೇಡಿ. ಮುಂದಕ್ಕೆ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಚಿಕ್ಕ ತೇವಮಾಪಕ ಇಡಿ. ಸೂಜಿ ಶೇಕಡ 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಇಳಿದರೆ ರಬ್ಬರ್ ಒಣಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ಬಿಡಿ, ಹುಡಿ ಸಂದುಗಳಿಗೆ ಸೇರುತ್ತದೆ. ಸಿಲಿಕಾ ಜೆಲ್ಲಿನ ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ತಟ್ಟೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.