ಮೂವತ್ತು ಸೆಕೆಂಡಿಗೇ ಎತ್ತಬೇಡಿ

ಡಾರ್ಕ್‌ರೂಮಿನಲ್ಲಿ ಕಪ್ಪು-ಬಿಳುಪು ಫೋಟೋ ಪ್ರಿಂಟ್ ಮಾಡುವಾಗ, ಡೆವಲಪರ್‌ನಲ್ಲಿ (ಚಿತ್ರ ಮೂಡಿಸೋ ದ್ರಾವಣದಲ್ಲಿ) 30 ಸೆಕೆಂಡಿಗೇ ಪ್ರಿಂಟ್ ಕಪ್ಪಾಗೋಕೆ ಶುರುವಾಗುತ್ತೆ, ಹೆದರಿ ಎತ್ತಿಬಿಡ್ತೀನಿ, ಆಮೇಲೆ ನೋಡಿದ್ರೆ ಎಲ್ಲಾ ಬೂದುಬೂದು ಅಂದ್ರಲ್ಲ, ತಪ್ಪು ಆ ಎತ್ತೋದರಲ್ಲೇ ಇದೆ ಸಾರ್. ನಾನೂ ಮೊದಲನೇ ಪ್ಯಾಕೆಟ್ ಪೇಪರ್ ಪೂರ್ತಿ ಹೀಗೇ ಹಾಳು ಮಾಡಿದವನು. ಗಟ್ಟಿ ಕಪ್ಪು ಬರೋಕೆ ಟೈಮ್ ಬೇಕು. ಆರ್‌ಸಿ ಪೇಪರ್ (ಪ್ಲಾಸ್ಟಿಕ್ ಲೇಪನದ ಫೋಟೋ ಪೇಪರ್) ಆದ್ರೆ 20 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ನಿಮಿಷ ಬಿಡಿ, ಟ್ರೇ ಅಲ್ಲಾಡಿಸ್ತಾ ಇರಿ. ಅಷ್ಟಕ್ಕೆ ತೀರಾ ಕಪ್ಪಾದ್ರೆ ಎನ್‌ಲಾರ್ಜರ್ (ನೆಗೆಟಿವನ್ನ ದೊಡ್ಡದು ಮಾಡಿ ಪೇಪರ್ ಮೇಲೆ ಬೀಳಿಸೋ ಯಂತ್ರ) ಬೆಳಕು ಕಮ್ಮಿ ಮಾಡಬೇಕು, ಡೆವಲಪರ್ ಟೈಮ್ ಅಲ್ಲ.

ಎಷ್ಟು ಹೊತ್ತು ಬೆಳಕು ಬೇಕು ಅಂತ ತಿಳಿಯೋಕೆ, ಎನ್‌ಲಾರ್ಜರ್ ಲೆನ್ಸಿನ ಕಿಂಡಿಯನ್ನ ಎಫ್8ಕ್ಕೆ ಇಟ್ಟು, ಪೇಪರಿನ ಒಂದು ಪಟ್ಟಿ ಹಾಕಿ, ಅದರ ಮೇಲೆ ರಟ್ಟು ಮುಚ್ಚಿ, ಬೆಳಕು ಬಿಟ್ಟು, ಆ ರಟ್ಟನ್ನ 4 ಸೆಕೆಂಡಿಗೊಮ್ಮೆ ಎರಡು ಬೆರಳಷ್ಟು ಸರಿಸ್ತಾ ಹೋಗಿ. ಆ ಪಟ್ಟಿ ಡೆವಲಪ್ ಆಗಿ, ಫಿಕ್ಸ್ (ಚಿತ್ರ ಇನ್ನು ಬೆಳಕಿಗೆ ಬದಲಾಗದಂತೆ ಮಾಡೋದು) ಆದ್ಮೇಲೆ ಮಾಮೂಲಿ ಬೆಳಕಲ್ಲಿ ನೋಡಿ ಟೈಮ್ ಆರಿಸಿಕೊಳ್ಳಿ. ಕೆಂಪು ದೀಪದಡಿ ಎಲ್ಲವೂ ಗಾಢವಾಗೇ ಕಾಣುತ್ತೆ, ನಂಬಬೇಡಿ. ಆಗಲೂ ಸಪ್ಪೆ ಅನ್ನಿಸಿದ್ರೆ ಕಪ್ಪು-ಬಿಳುಪಿನ ವ್ಯತ್ಯಾಸ ಹೆಚ್ಚಿಸೋ 3ನೇ ಗ್ರೇಡ್ ಫಿಲ್ಟರ್ ಹಾಕಿ.

ಬಿಳಿ ಭಾಗವೂ ಮಾಸಿದ್ರೆ ಮಾತ್ರ ಸೇಫ್‌ಲೈಟ್ (ಆ ಕೆಂಪು ದೀಪ) ಮೇಲೆ ಅನುಮಾನ. ಅದರಡಿ ಬಳಸದ ಪೇಪರ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ದುಂಡನೆ ಬಿಳಿ ಗುರುತು ಬಂತೋ, ಆ ಬಲ್ಬು ಬದಲಾಯಿಸಿ. ದೀಪಾವಳಿ ಸೀರಿಯಲ್ ಸೆಟ್ಟಿನ ಕೆಂಪು ಬಲ್ಬು ಹಾಕಿದ್ರೆ ಹೀಗಾಗೋದು ಉಂಟು.