ಮ್ಯೂನಿಕ್‌ಗೆ ಹೊರಟವರ ರೊಟ್ಟಿ, ಮುದ್ದೆ ಪ್ರಶ್ನೆಗಳಿಗೆ

ನೀವು ಹುಬ್ಬಳ್ಳಿ ಕಡೆಯವರು, ನಿಮ್ಮ ಯಜಮಾನರು ಮಂಡ್ಯದವರು, ನವೆಂಬರ್‌ನಲ್ಲಿ ಮ್ಯೂನಿಕ್‌ಗೆ ಬರುತ್ತಿದ್ದೀರಿ. ವೀಸಾ, ಬಾಡಿಗೆ ಬಗ್ಗೆ ಒಂದೊಂದು ಸಾಲು ಕೇಳಿ ಊಟದ ಬಗ್ಗೆ ಪುಟ ತುಂಬಾ ಕೇಳಿದ್ದೀರಿ: ಪೇಡೆ ತರಬಹುದಾ, ಮಿಕ್ಸಿ ನಡೆಯುತ್ತಾ, ಉರಿಯಿಲ್ಲದ, ಗಾಜಿನ ಮೇಲ್ಮೈಯ ಕರೆಂಟ್ ಒಲೆಯ ಮೇಲೆ ರೊಟ್ಟಿ ಉಬ್ಬುತ್ತಾ, ಮುದ್ದೆ ಕಟ್ಟಬಹುದಾ, ಅವರೆಕಾಳು ಸಿಗುತ್ತಾ. ಬಾಡಿಗೆ ವಿಷಯ ಕಂಪನಿಯವರು ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಇದಕ್ಕೇ ಉತ್ತರ.

ಮೊದಲು ಪೆಟ್ಟಿಗೆ. ಧಾರವಾಡ ಪೇಡೆ, ಬೆಳಗಾವಿ ಕುಂದಾ, ಮನೆಯ ತುಪ್ಪ ಮೂರನ್ನೂ ಬಿಟ್ಟು ಬನ್ನಿ. ಭಾರತದಂಥ ಹೊರಗಿನ ದೇಶಗಳಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಕಸ್ಟಮ್ಸ್‌ನವರು ಪೆಟ್ಟಿಗೆ ತೆಗೆಸಿದರೆ ಪೇಡೆ ಕಸದ ಡಬ್ಬಿಗೆ ಹೋಗುತ್ತದೆ. ಹಸಿ ಕರಿಬೇವು, ವೀಳ್ಯದೆಲೆ, ನಿಂಬೆಹಣ್ಣು ಕೂಡ ಬೇಡ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣಿಗೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಅದರಿಂದ ವಿನಾಯಿತಿ ಇರುವುದು ಐದೇ ಹಣ್ಣಿಗೆ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡುರಿಯನ್. ಅಂದರೆ ಕಾಯಿ ತರಬಹುದು, ಆದರೆ ಆ ತೂಕಕ್ಕೆ ಕಾಯಿ ಯಾಕೆ? ಅದೇ ಜಾಗಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ನಿಮ್ಮತ್ತೆ ಮಾಡುವ ಸಾರಿನಪುಡಿ ತುಂಬಿ. ಗುರೆಳ್ಳನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಅದು ಸುಲಭವಾಗಿ ಕಾಣುವುದು ಹಕ್ಕಿಗಳ ಕಾಳಿನ ಪೊಟ್ಟಣದಲ್ಲಿ. ಅದು ಮನುಷ್ಯರು ತಿನ್ನಲೆಂದು ಶುಚಿ ಮಾಡಿದ್ದಲ್ಲ. ಅಗಸಿ ಮಾತ್ರ ತರಬೇಡಿ. ಲೈನ್‌ಜಾಮೆನ್ ಎಂಬ ಹೆಸರಲ್ಲಿ ಪ್ರತಿ ಸೂಪರ್‌ಮಾರ್ಕೆಟ್‌ನಲ್ಲೂ ಬಿದ್ದಿರುತ್ತದೆ. ಹುರಿದು, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದರೆ ಊರಿನ ಅಗಸಿ ಚಟ್ನಿಯೇ.

ಮಿಕ್ಸಿ ನಡೆಯುತ್ತದೆ. ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಅಮೆರಿಕಕ್ಕೆ ಹೋಗುವವರಂತೆ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ, ಪ್ಲಗ್ ಮಾತ್ರ ಬೇರೆ. ಅಡಾಪ್ಟರ್ ಕೊಳ್ಳುವಾಗ ಅರ್ಥಿಂಗ್ ಇರುವುದನ್ನೇ ಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಮಾರುವ ಸರ್ವದೇಶದ ಅಡಾಪ್ಟರ್‌ಗಳಲ್ಲಿ ಎಷ್ಟೋ ಸಲ ಅದಿರುವುದಿಲ್ಲ. 750 ವ್ಯಾಟ್ ಮಿಕ್ಸಿ ಎಳೆಯುವುದು ಮೂರು ಆಂಪಿಯರ್ ಚಿಲ್ಲರೆ, ಅದಕ್ಕೆ ತೊಂದರೆಯಿಲ್ಲ. ಊರಿನ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಒಂದು ಅಡಾಪ್ಟರ್ ಸಿಕ್ಕಿಸಿ ಹೀಟರ್, ಕೆಟಲ್ ಎಲ್ಲ ಹಾಕಬೇಡಿ.

ಈಗ ರೊಟ್ಟಿ. ಇಲ್ಲಿ ರೊಟ್ಟಿ ಕೆಟ್ಟರೆ ಒಲೆಯನ್ನು ಬೈಯುತ್ತಾರೆ, ತಪ್ಪು ಬಹಳ ಮಟ್ಟಿಗೆ ಹಿಟ್ಟಿನದು. ಊರಲ್ಲಿ ಗಿರಣಿಯಿಂದ ಬಿಸಿಬಿಸಿ ಹಿಟ್ಟು ತಂದು ಅದೇ ವಾರ ಬಡಿಯುತ್ತೀರಿ. ಇಲ್ಲಿನ ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಬೀಸಿ, ಹಡಗು ಹತ್ತಿ, ಕಪಾಟಿನಲ್ಲಿ ಕೂತು ತಿಂಗಳುಗಳಾಗಿರುತ್ತವೆ. ಜೋಳದಲ್ಲಿ ಗೋಧಿಯ ಅಂಟಿಲ್ಲ, ಹಳೆ ಹಿಟ್ಟಿನಲ್ಲಿ ಇದ್ದ ಜಿಗಿಯೂ ಹೋಗಿರುತ್ತದೆ, ಜೊತೆಗೆ ಕಾಳಿನ ಎಣ್ಣೆಯಂಶ ಕೆಟ್ಟು ಕಹಿ ಬರುತ್ತದೆ. ಸಜ್ಜೆ ಹಿಟ್ಟಂತೂ ಇನ್ನೂ ಬೇಗ ಕಹಿಯಾಗುತ್ತದೆ, ಅದರಲ್ಲಿ ಎಣ್ಣೆ ಜಾಸ್ತಿ. ಪೊಟ್ಟಣದ ಮೇಲೆ ಪ್ಯಾಕಿಂಗ್ ತಾರೀಖು ನೋಡಿ, ಒಂದು ಕಿಲೋಗಿಂತ ಹೆಚ್ಚು ತರಬೇಡಿ, ತಂದದ್ದನ್ನು ಫ್ರೀಜರ್‌ನಲ್ಲಿಡಿ. ಇದಕ್ಕಿಂತ ಒಳ್ಳೆಯದು ಇಡೀ ಜೋಳ ಕೊಂಡು ಬೀಸಿಕೊಳ್ಳುವುದು. ಮನೆಯಲ್ಲೇ ಕಾಳು ಬೀಸುವ ಪುಟ್ಟ ಕಲ್ಲಿನ ಗಿರಣಿ ಜರ್ಮನ್ನರಿಗೆ ಹೊಸದಲ್ಲ, ಸಾವಯವ ಬ್ರೆಡ್ ಮಾಡುವವರ ಮನೆಗಳಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಆಗಿಯೂ ಸಿಗುತ್ತದೆ. ರೊಟ್ಟಿ ದಿನಾ ಬೇಕು ಅನ್ನುವವರು ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಅದೇ.

ಹಳೆ ಹಿಟ್ಟೇ ಗತಿ ಅಂದಾಗ ಎಸರಿಡುವುದನ್ನು ತಪ್ಪಿಸಬೇಡಿ. ಎರಡು ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ನೀರು ಕುದಿ ಬಂದಮೇಲೆ ಒಂದು ಲೋಟ ಹಿಟ್ಟು ಸುರಿದು, ಒಲೆ ಆರಿಸಿ, ಮುಚ್ಚಿ ಐದು ನಿಮಿಷ ಬಿಡಿ. ಕುದಿನೀರಲ್ಲಿ ಬೆಂದ ಆ ಹಿಟ್ಟೇ ಉಳಿದದ್ದನ್ನು ಹಿಡಿದುಕೊಳ್ಳುವ ಅಂಟು. ಆಮೇಲೆ ಒಣಹಿಟ್ಟು ಅರ್ಧ ಲೋಟ ಸೇರಿಸಿ, ಕೈಗೆ ನೀರು ಹಚ್ಚಿಕೊಂಡು ಅಂಗೈಯ ಬುಡದಿಂದ ನಾದಿ. ಮಿಕ್ಕ ಅರ್ಧ ಲೋಟ ಬಡಿಯುವಾಗ ಉದುರಿಸಲಿಕ್ಕೆ. ಎಲ್ಲಾ ಒಟ್ಟಿಗೆ ನಾದಿಡಬೇಡಿ, ಒಂದೊಂದು ರೊಟ್ಟಿಯ ಹಿಟ್ಟನ್ನು ಆಗಾಗಲೇ ನಾದಬೇಕು. ಅಂಚು ಸೀಳಿದರೆ ನಾದಿದ್ದು ಸಾಲದು ಅಥವಾ ನೀರು ಕಡಿಮೆ.

ಗಾಜಿನ ಒಲೆಗೆ ಕಬ್ಬಿಣದ ಹಂಚೇ ಬೇಕು. ಇಂಡಕ್ಷನ್ ಇದ್ದರೆ ಹಿಂಡಾಲಿಯಂ ಕೆಲಸ ಮಾಡುವುದೇ ಇಲ್ಲ. ನಾನ್‌ಸ್ಟಿಕ್ ಅಷ್ಟು ಕಾವು ತಾಳುವುದಿಲ್ಲ. ಒಲೆಯ ಕಾವನ್ನು ಒಂಬತ್ತು ಅಂಕಗಳಲ್ಲಿ ಏಳಕ್ಕಿಟ್ಟು ಎರಕದ ಹಂಚನ್ನು ಏಳೆಂಟು ನಿಮಿಷ ಕಾಯಿಸಿ. ರೊಟ್ಟಿ ಹಾಕಿದ ಕೂಡಲೇ ಒಣಹಿಟ್ಟಿನ ಮೇಲುಮುಖಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ. ಇಲ್ಲಿ ತಡ ಮಾಡಿದರೆ ಮೇಲ್ಮೈ ಒಣಗಿ ಬಿರಿಯುತ್ತದೆ, ಆ ಬಿರುಕಲ್ಲಿ ಹಬೆ ಹೋಗಿಬಿಡುತ್ತದೆ, ಮತ್ತೆ ಯಾವ ಉರಿಯೂ ಅದನ್ನು ಉಬ್ಬಿಸಲಾರದು. ನೀರು ಆರಿದಾಗ ತಿರುವಿ, ಇನ್ನೊಂದು ಬದಿಯೂ ಚುಕ್ಕೆ ಬಂದಮೇಲೆ ಮತ್ತೆ ತಿರುವಿ, ಮಡಿಸಿದ ಬಟ್ಟೆಯಿಂದ ಅಂಚು ಒತ್ತುತ್ತಾ ಬನ್ನಿ. ಉರಿಗೆ ಹಿಡಿಯದೆಯೂ ಉಬ್ಬುತ್ತದೆ. ಕೆಂಡದ ಘಮ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕಾದ್ದೇ. ಇನ್ನೊಂದು ಮಾತು: ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದ ಹೊತ್ತು. ಕೆಳಗಿನ ಮನೆಯ ಅಜ್ಜಿಗೆ ರೊಟ್ಟಿ ಬಡಿಯುವ ಸದ್ದು ಸುತ್ತಿಗೆಯದೋ ಮತ್ತೊಂದರದೋ ತಿಳಿಯುವುದಿಲ್ಲ. ರಾತ್ರಿ ಊಟದ ರೊಟ್ಟಿ ಸಂಜೆಯೇ ಬಡಿದುಬಿಡಿ.

ಯಜಮಾನರ ಮುದ್ದೆ ಇದಕ್ಕಿಂತ ಸುಲಭ. ರಾಗಿಯಲ್ಲಿ ಎಣ್ಣೆಯಂಶ ಕಡಿಮೆ, ಹಿಟ್ಟು ಜೋಳದಷ್ಟು ಬೇಗ ಕೆಡುವುದಿಲ್ಲ. ಸೂಪರ್‌ಮಾರ್ಕೆಟ್‌ನಲ್ಲಿ ಬರೀ ಹಿರ್ಜೆ ಅಂತ ಬರೆದಿರುವುದು ಬರಗು, ಅದನ್ನು ರಾಗಿ ಅಂದುಕೊಂಡು ತರಬೇಡಿ. ರಾಗಿ ಬೇಕಾದರೆ ಇಂಡಿಯನ್ ಅಥವಾ ಶ್ರೀಲಂಕಾ ತಮಿಳರ ಅಂಗಡಿಗೇ ಹೋಗಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಪೊಟ್ಟಣದ ಹಿಟ್ಟು ತೀರಾ ನುಣ್ಣಗಿದ್ದರೆ ಎರಡೂಕಾಲು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಟ್ಟು, ಅದು ಮಳ್ಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ತಿರುವಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ ನಾಲ್ಕೈದು ನಿಮಿಷ ಕುದಿಯಲು ಬಿಡಿ. ಅವಸರಕ್ಕೆ ತಿರುವಿದರೆ ಗಂಟು, ಸಾಕಷ್ಟು ಬೇಯದೆ ಇಳಿಸಿದರೆ ಹಲ್ಲಿಗೆ ಅಂಟುತ್ತದೆ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ.

ಗಾಜಿನ ಒಲೆ ಇಲ್ಲಿ ಎರಡು ತೊಂದರೆ ಕೊಡುತ್ತದೆ. ಕಾವು ಇಳಿಸಿದರೂ ಗಾಜು ನಿಮಿಷಗಟ್ಟಲೆ ಬಿಸಿಯಾಗೇ ಇರುತ್ತದೆ, ತಳ ಹಿಡಿಯುತ್ತದೆ. ಹಾಗಾಗಿ ಪಾತ್ರೆಯನ್ನೇ ಪಕ್ಕಕ್ಕೆ ಸರಿಸಿ. ಇನ್ನು ತೊಳಸುವುದನ್ನು ಒಲೆಯ ಮೇಲೆ ಎಂದೂ ಮಾಡಬೇಡಿ. ಆ ಗಾಜು ಒಡೆದರೆ ಬಾಡಿಗೆಮನೆಯ ಡಿಪಾಸಿಟ್‌ನಿಂದ ಕತ್ತರಿಸುತ್ತಾರೆ. ನೆಲದ ಮೇಲೆ ದಪ್ಪ ಟವೆಲ್ ಹಾಸಿ, ಪಾತ್ರೆ ಇಳಿಸಿ, ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು ತಿರುವಿ. ಕೋಲು ಊರಿಂದಲೇ ಬರಲಿ, ಇಲ್ಲಿನ ಮರದ ಸೌಟು ಮುರಿಯುತ್ತದೆ. ಮುಚ್ಚಿ ಎರಡು ನಿಮಿಷ ಹಬೆಯಲ್ಲಿಟ್ಟು ಕಟ್ಟಿ. ಬೇಳೆ ಬೇಯಲಿಲ್ಲ ಅಂತ ಕುಕ್ಕರ್ ಮೇಲೆ ಸಿಟ್ಟಾಗಬೇಡಿ, ಮ್ಯೂನಿಕ್‌ನ ನೀರು ಗಡಸು. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಫಿಲ್ಟರ್ ನೀರಲ್ಲಿ ಬೇಯಿಸಿ, ಹುಣಸೆ ಮತ್ತು ಉಪ್ಪು ಆಮೇಲೆ.

ಸೊಪ್ಪು ತರಕಾರಿಯಲ್ಲಿ ನಿಮಗೆ ಗೊತ್ತಿಲ್ಲದ ಅದೃಷ್ಟವಿದೆ. ನವಿಲುಕೋಸು ಜರ್ಮನ್ನರ ಮನೆತರಕಾರಿ, ಕೊಲ್‌ರಾಬಿ ಅನ್ನುತ್ತಾರೆ, ಎಳೆ ಎಲೆ ಸಮೇತ ಸಿಕ್ಕರೆ ಎಲೆ ಪಲ್ಯಕ್ಕಾಗುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರು ಬಿಯರ್ ಜೊತೆ ಉಪ್ಪು ಹಾಕಿ ತಿನ್ನುವ ರಾಡಿ ನಮ್ಮ ಬಿಳಿ ಮೂಲಂಗಿಯೇ, ಸಾರಿಗೆ ಹೇಳಿಮಾಡಿಸಿದ್ದು. ಸಬ್ಬಸಿಗೆ ಸೊಪ್ಪು ಡಿಲ್ ಎಂಬ ಹೆಸರಲ್ಲಿ ವರ್ಷವಿಡೀ ಸಿಗುತ್ತದೆ, ಅಕ್ಕಿರೊಟ್ಟಿಗೆ ಚಿಂತೆಯಿಲ್ಲ. ಉಳಿದದ್ದಕ್ಕೆ ಟರ್ಕಿಯವರ ಅಂಗಡಿ: ಕೊತ್ತಂಬರಿ ದೊಡ್ಡ ಕಟ್ಟು, ಬೆಂಡೆ, ಎಣ್ಣೆಗಾಯಿಗೆ ಪುಟ್ಟ ಬದನೆ. ಅವರ ಲೆಬ್ಲೆಬಿ ನಿಮ್ಮ ಪುಟಾಣಿ. ಉಪ್ಪಿಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಕರಿಬೇವು ಇಂಡಿಯನ್ ಅಂಗಡಿಯಲ್ಲಿ ಸಿಕ್ಕಾಗ ತೊಳೆದು, ಪೂರ್ತಿ ಒಣಗಿಸಿ, ಡಬ್ಬಿಯಲ್ಲಿ ಫ್ರೀಜ್ ಮಾಡಿ, ಹಾಗೇ ಒಗ್ಗರಣೆಗೆ ಹಾಕಿ. ಅಂಗಡಿಗಳೆಲ್ಲ ಭಾನುವಾರ ಮುಚ್ಚಿರುತ್ತವೆ, ಶನಿವಾರವೇ ಮುಗಿಸಿಕೊಳ್ಳಿ.

ತುಪ್ಪದ ಬಗ್ಗೆ ಬೇಸರ ಬೇಡ. ಬೆಣ್ಣೆ ಕೊಳ್ಳುವಾಗ ಝೌವರ್‌ರಾಮ್‌ಬುಟರ್ ಅಂತ ಬರೆದದ್ದನ್ನು ಆರಿಸಿ, ಅದು ಹುಳಿಗಟ್ಟಿದ ಕೆನೆಯ ಬೆಣ್ಣೆ. 250 ಗ್ರಾಂ ಪೊಟ್ಟಣವನ್ನು ಸಣ್ಣ ಕಾವಲ್ಲಿ, ತಳದ ಗಸಿ ಕಂದು ಆಗುವವರೆಗೆ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ, ಮಜ್ಜಿಗೆ ಕಡೆದ ಬೆಣ್ಣೆಯ ಘಮಕ್ಕೆ ಹತ್ತಿರ. ಸಿಹಿಕೆನೆಯ ಬೆಣ್ಣೆಯಲ್ಲಿ ಅದು ಬರುವುದಿಲ್ಲ. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ಉಬ್ಬಬೇಕಾದರೆ ಓವನ್ ಒಳಗಿಟ್ಟು ಬರೀ ದೀಪ ಹಾಕಿ. ಕಾವು ಬೇಡ, ಮೇಲ್ಭಾಗ ಬೆಂದುಹೋಗುತ್ತದೆ.

ಸಹೋದ್ಯೋಗಿಗಳು ನಿಮ್ಮ ಡಬ್ಬಿ ನೋಡಿ ಏನೆಂದುಕೊಳ್ಳುತ್ತಾರೋ ಅಂತ ಕೇಳಿದ್ದೀರಿ. ವಾಸನೆಗೆ ಅಂಜುವುದಾದರೆ ಮೊದಲ ವಾರ ಬೆಳ್ಳುಳ್ಳಿ ಕಮ್ಮಿ ಮಾಡಿ, ಅಷ್ಟೇ. ಊರಿನ ತಿಂಡಿಯ ಅಭಿಮಾನ ಇವರಿಗೆ ಹೊಸದಲ್ಲ. ಬಿಳಿ ಸಾಸೇಜ್ ಮಧ್ಯಾಹ್ನ ಹನ್ನೆರಡರ ಗಂಟೆ ಕೇಳಬಾರದು, ಅಂದರೆ ಅಷ್ಟರೊಳಗೆ ತಿಂದು ಮುಗಿಸಬೇಕು ಅನ್ನುವವರು ಮ್ಯೂನಿಕ್‌ನವರು. ನ್ಯೂರೆಂಬರ್ಗ್‌ನವರು ತಮ್ಮ ಕಿರುಬೆರಳ ಗಾತ್ರದ ಸಾಸೇಜ್‌ಗೆ 2003ರಲ್ಲೇ ಯುರೋಪಿನ ಭೌಗೋಳಿಕ ರಕ್ಷಣೆ ಪಡೆದರು, ಅಂದರೆ ಆ ಹೆಸರು ಆ ಊರಿನದಕ್ಕೆ ಮಾತ್ರ. ನೈಋತ್ಯ ಜರ್ಮನಿಯ ಶ್ವಾಬಿಯಾದವರು ಹೂರಣ ತುಂಬಿದ ತಮ್ಮ ಮೌಲ್‌ಟಾಶೆನ್ ಕಡುಬಿಗೆ 2009ರಲ್ಲಿ ಪಡೆದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಅಂಥದೇ ಜಿಐ ರಕ್ಷಣೆ ಬಂತು ಅಂತ ಹೇಳಿ ನೋಡಿ, ತಕ್ಷಣ ಅರ್ಥವಾಗುತ್ತದೆ. ಆಲೂಗೆಡ್ಡೆ ಸಲಾಡ್‌ಗೆ ಮೇಯೊನೀಸ್ ಹಾಕುವ ಉತ್ತರದವರಿಗೂ ಸಾರು, ವಿನೆಗರ್ ಹಾಕುವ ದಕ್ಷಿಣದವರಿಗೂ ಇರುವ ಜಗಳ, ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಅನ್ನುವ ನಮ್ಮ ಜಗಳದಷ್ಟೇ ಗಂಭೀರ. ಆದರೆ ಇಲ್ಲಿನ ಕನ್ನಡದವರ ಕೂಟದಲ್ಲಿ ಸ್ವಲ್ಪ ಎಚ್ಚರ. ರೊಟ್ಟಿ ಮೇಲೋ ಮುದ್ದೆ ಮೇಲೋ ಅನ್ನುವ ಮಾತು ತೆಗೆದರೆ ಊಟ ತಣ್ಣಗಾಗುತ್ತದೆ. ನಿಮ್ಮ ಮನೆಯಲ್ಲೇ ಎರಡೂ ಪಕ್ಷ ಇರುವುದರಿಂದ ನಿಮಗೆ ಅಭ್ಯಾಸ ಇರಬೇಕು.

ಅವರೆಕಾಳು. ಹಸಿಯದು ನಂಬಿ ಕೂರಬೇಡಿ, ಫ್ರೀಜರ್ ಪೊಟ್ಟಣ ಹುಡುಕಿ. ಸುರ್ತಿ ಪಾಪ್ಡಿ ಲಿಲ್ವಾ ಅಂತ ಇರುವುದು ಅವರೆ ಜಾತಿ, ತುವರ್ ಲಿಲ್ವಾ ಅಂತ ಇರುವುದು ಹಸಿ ತೊಗರಿಕಾಳು. ಎರಡೂ ಹಸಿರು ಪೊಟ್ಟಣ, ಪಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ಹಿತಕಿದ ಬೇಳೆ ಬೇಕಾದರೆ ಕಾಳನ್ನು ಬಿಸಿನೀರಲ್ಲಿ ಹದಿನೈದು ನಿಮಿಷ ಬಿಟ್ಟು ಹಿತುಕಿ, ಸಿಪ್ಪೆ ಸಲೀಸಾಗಿ ಬರುತ್ತದೆ. ಕುಕ್ಕರ್‌ಗೆ ಹಾಕಬೇಡಿ, ಫ್ರೀಜರ್ ಕಾಳು ಆಗಲೇ ಅರ್ಧ ಮೆತ್ತಗಾಗಿರುತ್ತದೆ. ಸೊಗಡು ಊರಿನ ಡಿಸೆಂಬರ್ ಅವರೆಯಷ್ಟು ಇರುವುದಿಲ್ಲ, ಆದರೆ ಮುದ್ದೆಗೆ ನಂಚಿಕೊಳ್ಳಲು ಧಾರಾಳವಾಗಿ ಆಗುತ್ತದೆ.