ಪ್ರತಿಕಾಯ ಕಡಿಮೆ ಬರ್ತಿದ್ರೆ ಮೊದಲು ಪಿಇಐ ನೋಡಿ

ಕಾರವಾರದ ಲ್ಯಾಬಿನಲ್ಲಿ ಮಳೆಗಾಲ ಶುರುವಾದ ಮೇಲೆ ಪ್ರತಿಕಾಯ ತಯಾರಿಸುವ ಹೆಕ್ 293 (ಮಾನವ ಮೂತ್ರಪಿಂಡ ಮೂಲದ) ಕೋಶಗಳಿಗೆ ಡಿಎನ್‌ಎ ಸರಿಯಾಗಿ ಹೋಗುತ್ತಿಲ್ಲ, ಪ್ರತಿಕಾಯವೂ ಕಡಿಮೆ ಎಂದಿದ್ದೀರಿ. ನನ್ನ ಗುಮಾನಿ ಡಿಎನ್‌ಎಯನ್ನು ಕೋಶದೊಳಗೆ ಒಯ್ಯುವ ಪಿಇಐ (ಪಾಲಿಎಥಿಲೀನ್‌ಇಮೈನ್) ಪುಡಿಯ ಮೇಲೆ. ಅದು ತೇವ ಹೀರುತ್ತದೆ. ಜೂನ್‌ನ ಕರಾವಳಿ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟರೆ ನೀರನ್ನೂ ಸೇರಿಸಿಯೇ ತೂಗುತ್ತೀರಿ. ಫ್ರಿಜ್‌ನಿಂದ ತೆಗೆದದ್ದು ಕೋಣೆಯ ಬಿಸಿಗೆ ಬಂದ ಮೇಲೇ ಮುಚ್ಚಳ ತೆಗೆಯಿರಿ. ಆಮ್ಲದಲ್ಲಿ ಕರಗಿಸಿ, ಪಿಎಚ್ 7ಕ್ಕೆ ತಂದು, 1 ಮಿ.ಗ್ರಾಂ/ಮಿ.ಲೀ. ಮಾಡಿ, 0.22 ಮೈಕ್ರಾನ್‌ನಲ್ಲಿ ಸೋಸಿ.

ಒಂದು ಮಿ.ಲೀ. ಕಲ್ಚರ್‌ಗೆ 1 ಮೈಕ್ರೋಗ್ರಾಂ ಡಿಎನ್‌ಎ, 3 ಮೈಕ್ರೋಗ್ರಾಂ ಪಿಇಐ. ಸೀರಂ ಇಲ್ಲದ ಮಾಧ್ಯಮದಲ್ಲಿ ಬೆರೆಸಿ 15 ನಿಮಿಷ ಬಿಡಿ. ಚಹಾಕ್ಕೆ ಹೋಗಿ ತಡಮಾಡಿದರೆ ಕಣಗಳು ದಪ್ಪಗಟ್ಟುತ್ತವೆ.

ಡಿಎನ್‌ಎ ಒಳಹೋಯಿತೇ ಎಂದು ತೋರಿಸುವ ಹಸಿರು ಪ್ರೋಟೀನ್ ಜಿಎಫ್‌ಪಿ ಚೆನ್ನಾಗಿ ಹೊಳೆದೂ ಪ್ರತಿಕಾಯ ಬರದಿದ್ದರೆ ತಪ್ಪು ಪಿಇಐಯದ್ದಲ್ಲ. ಲೈಟ್ ಚೈನ್ (ಪ್ರತಿಕಾಯದ ಚಿಕ್ಕ ಸರಪಳಿ) ಪ್ಲಾಸ್ಮಿಡ್ (ಅದರ ಜೀನ್ ಹೊತ್ತ ಡಿಎನ್‌ಎ ಉಂಗುರ) ಸ್ವಲ್ಪ ಹೆಚ್ಚಿಸಿ ನೋಡಿ: ಜೋಡಿ ಸಿಗದ ಹೆವಿ ಚೈನನ್ನು (ದೊಡ್ಡ ಸರಪಳಿಯನ್ನು) ಕೋಶ ಹೊರಗೆ ಬಿಡುವುದಿಲ್ಲ.